ಫಿಲಿಪೈನ್ಸಿನಲ್ಲಿ ನನ್ನದೊಂದು ಕೋಣ

ಕೊಪ್ಪಳ

ನಮ್ಮ ಕಡೆಯ ಗಂಡಸರು ಶರ್ತು ಕಟ್ಟದೆ ಒಂದು ಮಾತನ್ನೂ ಮುಗಿಸುವುದಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ.

“ಕುಷ್ಟಗಿ ಬಸ್ಸು ಇವತ್ತ ಬರಂಗಿಲ್ಲ. ಶರ್ತ!” ಅನ್ನುತ್ತಾನೆ ಒಬ್ಬ.

“ಬರ್ತೈತಿ. ಏನ್ ಕಟ್ತಿ?” ಅನ್ನುತ್ತಾನೆ ಇನ್ನೊಬ್ಬ.

“ಬಂತಂದ್ರ ಮೀಸಿ ಬೋಳಿಸ್ತೀನಿ, ಹೋಗ್.”

ಅಷ್ಟರಲ್ಲಿ ಬಸ್ಸು ಬರುತ್ತದೆ. ಇಬ್ಬರೂ ಅದೇ ಬಸ್ಸು ಹತ್ತಿ, ಒಂದೇ ಸೀಟಿನಲ್ಲಿ ಕೂತು, ಒಬ್ಬರ ಎಲೆಯಡಿಕೆ ಇನ್ನೊಬ್ಬರು ಹಾಕಿಕೊಂಡು ಕುಷ್ಟಗಿಗೆ ಹೋಗುತ್ತಾರೆ. ಮೀಸೆ ಇದ್ದಲ್ಲೇ ಇರುತ್ತದೆ. ಅದನ್ನು ಬೋಳಿಸು ಎಂದು ಕೇಳುವವನೂ ಇಲ್ಲ, ಕೇಳಿದರೆ ಅವನೇ ಹುಚ್ಚ ಅನ್ನಿಸಿಕೊಳ್ಳುತ್ತಾನೆ.

ಶಬ್ದಗಳಿಗೇನೂ ನಮ್ಮಲ್ಲಿ ಬರ ಇಲ್ಲ. ಕೊಪ್ಪಳದ ಪೇಟೆಯಲ್ಲಿ ನಿಜಾಮರ ಕಾಲದಿಂದ ಬಂದ ಶರ್ತು. ಯಲಬುರ್ಗಾ ಕಡೆಯ ಹಳಬರ ಬಾಯಲ್ಲಿ ಪೈಜು. ಗಂಗಾವತಿಯ ಕಾಲುವೆ ಸೀಮೆಗೆ ಹೋದರೆ ತೆಲುಗಿನವರ ಸಹವಾಸದಿಂದ ಅದೇ ಪಂದೆಂ ಆಗುತ್ತದೆ. ಪರೀಕ್ಷೆಯಲ್ಲಿ ಪಾಸಾದ ಹುಡುಗ ‘ಬಾಜಿ ಹೊಡದ’. ಪಣ ಎನ್ನುವುದು ಬಯಲಾಟದಲ್ಲಿ ಕಿರೀಟ ಹಾಕಿಕೊಂಡವರು ಇಡುವಂಥದ್ದು, ಊರವರು ಇಡುವಂಥದ್ದಲ್ಲ. ಜೂಜು ಮಾತ್ರ ಕೆಟ್ಟ ಶಬ್ದ. ‘ಅವ ಜೂಜಾಡ್ತಾನ’ ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಹೆಣ್ಣು ಕೊಡಲು ಬಂದವರು ಚಹಾ ಕುಡಿಯದೆ ಎದ್ದು ಹೋಗುತ್ತಾರೆ. ವಿಚಿತ್ರ ಏನೆಂದರೆ, ಮಟ್ಕಾ ನಂಬರು ಹಚ್ಚುವವರು ಓಣಿಗೊಬ್ಬರಿದ್ದರೂ ಅದಕ್ಕೆ ಜೂಜು ಅನ್ನುವುದಿಲ್ಲ. ಅದು ‘ಹಚ್ಚೂದು’ ಅಷ್ಟೇ, ಗೋಡೆಗೆ ಸುಣ್ಣ ಹಚ್ಚಿದ ಹಾಗೆ.

ನಮ್ಮೂರು ಮಂಗಳೂರು. ಕಡಲ ದಂಡೆಯ ಮಂಗಳೂರಲ್ಲ, ಯಲಬುರ್ಗಾ ತಾಲೂಕಿನದು. ಅಲ್ಲಿ ನಿಜವಾಗಿ ಕೊಟ್ಟು ತೆಗೆದುಕೊಳ್ಳುವ ಪೈಜು ಅಂದರೆ ವರ್ಷಕ್ಕೊಮ್ಮೆ, ನಾಗರ ಪಂಚಮಿಯಲ್ಲಿ. ಊರ ಹೆಬ್ಬಾಗಿಲಾದ ಅಗಸಿಯಿಂದ ದೂರದ ಬೇವಿನ ಮರದವರೆಗೆ ಇಷ್ಟು ಎಸೆತದಲ್ಲಿ ನಿಂಬೆಹಣ್ಣು ಮುಟ್ಟಿಸುತ್ತೇನೆ ಎಂದು ಒಬ್ಬ ಹೇಳುತ್ತಾನೆ, ಆಗುವುದಿಲ್ಲ ಎಂದು ಇನ್ನೊಬ್ಬ. ಪೈಜಿಗೆ ಒಂದು ತೆಂಗಿನಕಾಯಿ. ಗೆದ್ದವನು ಆ ಕಾಯಿಯನ್ನು ಮನೆಗೆ ಒಯ್ಯುವಂತಿಲ್ಲ. ಅಲ್ಲೇ ಒಡೆದು, ಮೊದಲ ಹೋಳನ್ನು ಸೋತವನ ಕೈಗೆ ಕೊಟ್ಟು, ಉಳಿದದ್ದನ್ನು ನಿಂತವರಿಗೆಲ್ಲ ಹಂಚಬೇಕು. ಚಿಕ್ಕಂದಿನಿಂದ ನೋಡಿದ್ದೆ, ತಿಂದಿದ್ದೆ, ಅದರಲ್ಲಿ ಯೋಚನೆ ಮಾಡುವಂಥದ್ದೇನಿದೆ ಎಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕೃಷಿ ಇಲಾಖೆಯಲ್ಲಿ, ಗಂಗಾವತಿ ಕಡೆಯ ಭತ್ತದ ಕೆಲಸದಲ್ಲಿದ್ದೆ. ಫಿಲಿಪೈನ್ಸಿಗೆ ಭತ್ತದ ತರಬೇತಿಗೆ ಹೋಗಬೇಕೆಂದು ಆರ್ಡರು ಬಂತು. ನನ್ನ ಜೊತೆ ಸುಬ್ಬಾರಾವ್. ಅವನು ಸಿದ್ದಾಪುರದ ಹತ್ತಿರ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನವನು, ಮನೆಯಲ್ಲಿ ತೆಲುಗು, ಹೊರಗೆ ನಮ್ಮದೇ ಕನ್ನಡ. ಆಫೀಸಿನಲ್ಲಿ ನಮಗಿಬ್ಬರಿಗೂ ಹಾರ ಹಾಕಿದರು. “ಇವರಿಬ್ಬರೂ ವಿಮಾನದಾಗ ವಾಂತಿ ಮಾಡ್ಕೋತಾರ, ಶರ್ತ!” ಎಂದು ಹಿಂದಿನಿಂದ ಯಾರೋ ಅಂದರು. ಆ ಶರ್ತನ್ನು ಕಟ್ಟಿದವನು ಗೆದ್ದ. ಆದರೆ ಅವನಿಗೂ ಯಾರೂ ಏನೂ ಕೊಡಲಿಲ್ಲ.

ಮನಿಲಾ

ಅವ್ವ ಒಂದು ಡಬ್ಬಿ ತುಂಬ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿ ಕೊಟ್ಟಿದ್ದಳು. ನಮ್ಮ ಮನೆಯ ಹಿಂಡಿ ಅಂದರೆ ಶೇಂಗಾ ಹೆಸರಿಗೆ ಮಾತ್ರ, ಉಳಿದದ್ದೆಲ್ಲ ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿಯ ಸಂಸಾರ. ಮನಿಲಾದ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವವನು ಅದರ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದ. ಆಮೇಲೆ ಅವನು ಸೀನಿದ್ದು ಸೀನಿದ್ದೇ. ಪಕ್ಕದವನು ಏನಾಯಿತೆಂದು ಬಂದು ಅವನೂ ಮೂಸಿ ಅವನೂ ಶುರುಮಾಡಿದ.

“ತಿನ್ನೂದು ಇದು, ತಿನ್ನೂದು,” ಎಂದು ಸುಬ್ಬಾರಾವ್ ಕೈಯನ್ನು ಬಾಯಿಗೆ ಒಯ್ದು ತೋರಿಸುತ್ತಿದ್ದ. ಅವರು ಕಣ್ಣೀರು ಒರೆಸಿಕೊಂಡು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಇದನ್ನು ತಿಂದು ಬದುಕಿರುವ ಜನರ ಬಗ್ಗೆ ಮರ್ಯಾದೆ ಹುಟ್ಟಿದವರ ಹಾಗೆ ಡಬ್ಬಿಯನ್ನು ಎರಡೂ ಕೈಯಿಂದ ವಾಪಸ್ಸು ಕೊಟ್ಟರು.

ಊರು ದಾಟಿದ ಮೇಲೆ ಗದ್ದೆ ಶುರುವಾಯಿತು. ನಾನು ಗಂಗಾವತಿಯ ಹಸಿರಿನಲ್ಲಿ ದಿನಾ ಓಡಾಡಿದವನು, ಹಸಿರಿಗೆ ಬೆರಗಾಗುವವನಲ್ಲ. ಆದರೂ ಕಾಲುವೆಯಿಲ್ಲದೆ, ಗೇಟಿನ ಕೀಲಿಗಾಗಿ ಜಗಳವಿಲ್ಲದೆ, ಬರೀ ಆಕಾಶದಿಂದ ಇಳಿದ ನೀರಲ್ಲಿ ಕಣ್ಣು ಹೋದಷ್ಟು ದೂರ ಭತ್ತ ನಿಂತಿದ್ದನ್ನು ನೋಡಿ ಬೆರಗಾಗಿಬಿಟ್ಟೆ. ಯಲಬುರ್ಗಾದ ಎರೆ ಹೊಲದಲ್ಲಿ ಮೋಡ ನೋಡುತ್ತ ಕೂರುವ ನಮ್ಮ ಮಂದಿ ನೆನಪಾದರು. ಇಷ್ಟು ನೀರನ್ನು ದೇವರು ಒಂದೇ ಕಡೆ ಸುರಿದಿದ್ದಾನಲ್ಲ ಎಂದು ಸಿಟ್ಟೂ ಬಂತು.

ಆ ಜನರ ಒಂದು ಅಭ್ಯಾಸ ರೂಢಿಯಾಗಲು ನನಗೆ ಬಹಳ ದಿನ ಹಿಡಿಯಿತು. ಹೌದು ಅನ್ನಲು ಅವರು ಬಾಯಿ ತೆರೆಯುವುದಿಲ್ಲ, ಹುಬ್ಬು ಮೇಲೆತ್ತುತ್ತಾರೆ. ನಾವು ಕತ್ತು ಅಲ್ಲಾಡಿಸಿದರೆ ಅವರಿಗೆ ಅದು ಹೌದೋ ಅಲ್ಲವೋ ತಿಳಿಯದು. ಮೊದಲ ವಾರವೆಲ್ಲ ಅವರು ಹುಬ್ಬೆತ್ತುವುದು, ನಾವು ಕತ್ತು ಕುಣಿಸುವುದು, ಇಬ್ಬರೂ ನಗುವುದು.

ಇಸ್ಕೊ ಕಾಕಾನ ಅಂಗಳ

ತರಬೇತಿಯ ಒಂದು ಭಾಗವಾಗಿ ನಮ್ಮನ್ನು ಹಳ್ಳಿಯ ರೈತರ ಮನೆಗಳಲ್ಲಿ ಇಟ್ಟರು. ನನಗೆ ಸಿಕ್ಕಿದ್ದು ಇಸ್ಕೊ ಎಂಬ ಮುದುಕನ ಮನೆ. ಅಲ್ಲಿ ಹಿರಿಯ ಗಂಡಸರನ್ನು ಬರೀ ಹೆಸರಿನಿಂದ ಕರೆಯುವಂತಿಲ್ಲ, ಹೆಸರಿನ ಮುಂದೆ ‘ಮಾಂಗ್’ ಎಂದು ಹಚ್ಚಬೇಕು. ಇದು ನಮ್ಮ ‘ಕಾಕಾ’ ಅಲ್ಲದೆ ಮತ್ತೇನು? ಹೆಂಡತಿ ರೋಸಾ. ಎರಡನೆಯ ದಿನಕ್ಕೆ ಆಕೆ ನನ್ನ ಬಾಯಲ್ಲಿ ರೋಸವ್ವ ಆದಳು. ಕರೆದರೆ ಓಗೊಡುತ್ತಿದ್ದಳು. ಸುಬ್ಬಾರಾವ್ ಪಕ್ಕದ ಮನೆಯಲ್ಲಿ.

ನಮ್ಮ ನಡುವೆ ನಡೆದದ್ದು ಹರಕು ಇಂಗ್ಲಿಷು, ಅವರ ಭಾಷೆಯ ಹತ್ತಾರು ಶಬ್ದ, ಉಳಿದದ್ದು ಕೈಸನ್ನೆ. ಆದರೆ ಅವರ ಮಾತು ನನ್ನ ಕಿವಿಗೆ ಹೇಗೆ ಬಿತ್ತೋ ಹಾಗೇ ಬರೆಯುತ್ತೇನೆ, ಅದು ನಮ್ಮೂರ ಮಾತಿನಂತೆಯೇ ಬಿತ್ತು.

ಮನೆ ಬಿದಿರಿನದು, ಕಂಬಗಳ ಮೇಲೆ ನಿಂತದ್ದು. ಕೆಳಗಿನ ನೆರಳಲ್ಲಿ ಇಬ್ಬರ ವಾಸ. ಒಂದು ಕೆಂಪು ಹುಂಜ, ಒಂದು ಕೋಣ. ಹುಂಜ ಕಾಕಾನದು, ಕೋಣ ರೋಸವ್ವನದು ಎಂದು ಹೇಳಿದರೂ ತಪ್ಪಾಗದು. ಕಾಕಾ ಬೆಳಿಗ್ಗೆ ಎದ್ದವನೇ ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕಾಲು ತಿಕ್ಕುತ್ತಿದ್ದ, ರೆಕ್ಕೆ ಬಿಡಿಸಿ ನೋಡುತ್ತಿದ್ದ, ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದ.

“ನನ್ನ ತಲಿಗೆ ಎಣ್ಣಿ ಹಚ್ಚು ಅಂದ್ರ ಕೈ ನೋವು ಇವಂಗ,” ಅನ್ನುತ್ತಿದ್ದಳು ರೋಸವ್ವ. “ಹುಂಜದ ಕಾಲು ತಿಕ್ಕಾಕ ನೋಡು, ಎರಡೂ ಕೈ ನೆಟ್ಟಗದಾವ.”

ಕೋಣದ ಹೆಸರು ಪೋಗಿ. ಅವರ ಮಾತಿನಲ್ಲಿ ಹಾಗೆಂದರೆ ಚೆಲುವ. ನಮ್ಮಲ್ಲಿ ಕೋಣ ಅಂದರೆ ಬೈಗುಳ, ಅದಕ್ಕೆ ಯಾರಾದರೂ ಚೆಲುವ ಎಂದು ಹೆಸರಿಡುತ್ತಾರೆಯೇ? ಆದರೆ ಪೋಗಿ ಚೆಲುವನೇ. ಕೊಂಬುಗಳು ಹಿಂದಕ್ಕೆ ಬಾಗಿ ಬೆನ್ನಿನವರೆಗೆ ಬಂದಿದ್ದವು, ಮೈ ಒದ್ದೆ ಬಂಡೆಯಂತೆ ಹೊಳೆಯುತ್ತಿತ್ತು. ಕರುವಾಗಿದ್ದಾಗಲೇ ತಾಯಿ ಸತ್ತು, ರೋಸವ್ವ ಗಂಜಿ ಕುಡಿಸಿ ಬದುಕಿಸಿದ್ದಳಂತೆ. ದಿನಾ ಸಂಜೆ ನದಿಗೆ ಒಯ್ದು ತೆಂಗಿನ ನಾರಿನಿಂದ ಅದರ ಮೈ ತಿಕ್ಕುತ್ತಿದ್ದಳು. ಆಕೆ ನೀರಿನಿಂದ ಮೇಲೆ ಬಂದರೆ ಅದೂ ಎದ್ದು ಬರುತ್ತಿತ್ತು, ಹಗ್ಗ ಎಳೆಯುವ ಕೆಲಸವೇ ಇರಲಿಲ್ಲ. ಅವರಿಗಿದ್ದ ತುಂಡು ಗದ್ದೆಯನ್ನು ಕೆಸರು ಮಾಡುವುದು ಈ ಪೋಗಿ ಒಬ್ಬನೇ. ಮಳೆ ಹಿಡಿದಿತ್ತು, ಸಸಿ ತಯಾರಾಗಿತ್ತು, ನಾಟಿ ಮುಂದಿತ್ತು.

ಆಗ ನಮ್ಮವ್ವನ ಹಿಂಡಿ ನಡುವೆ ಬಂತು.

ನಾನು ಮೆಟ್ಟಿಲ ಮೇಲೆ ಕೂತು ಅನ್ನದ ಪಕ್ಕ ಹಿಂಡಿ ಹಾಕಿಕೊಂಡಿದ್ದೆ. ನೀರು ತರಲು ಎದ್ದೆ. ತಿರುಗಿ ಬರುವಷ್ಟರಲ್ಲಿ ಕೆಂಪು ಹುಂಜ ತಾಟಿನ ಮೇಲೆ ನಿಂತು, ಅನ್ನ ಬಿಟ್ಟು ಹಿಂಡಿಯನ್ನಷ್ಟೇ ಹೆಕ್ಕಿ ಮುಗಿಸಿತ್ತು. ನಾನು ಕೂಗಿಕೊಂಡೆ. ಈ ಮನೆಯ ದೇವರನ್ನೇ ಕೊಂದೆನಲ್ಲ ಎಂದುಕೊಂಡೆ. ಹುಂಜ ಮಾತ್ರ ಒಮ್ಮೆ ತಲೆ ಒದರಿ, ಬೇಲಿಯ ಮೇಲೆ ಹಾರಿ ಕೂತು, ಇಡೀ ಓಣಿ ಎದ್ದು ಬರುವ ಹಾಗೆ ಕೂಗಿತು. ಆಮೇಲೆ ಇಳಿದು ಬಂದು ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು.

ಇಸ್ಕೊ ಕಾಕಾ ನೋಡುತ್ತಲೇ ನಿಂತಿದ್ದ. ಡಬ್ಬಿಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಕಣ್ಣು ಮೂಗು ಎಲ್ಲ ಹರಿದವು. ಒರೆಸಿಕೊಂಡು ಕೇಳಿದ. “ಯಾರು ಮಾಡ್ಯಾರ ಇದನ್ನ?”

“ನಮ್ಮವ್ವರಿ.”

“ನಿಮ್ಮವ್ವಗ ನನ್ನ ನಮಸ್ಕಾರ ಹೇಳು,” ಎಂದು ಡಬ್ಬಿಯನ್ನು ಎತ್ತಿ ಅಟ್ಟದ ಮೇಲೆ, ಮೇರಿಯಮ್ಮನ ಚಿತ್ರದ ಪಕ್ಕ ಇಟ್ಟುಬಿಟ್ಟ. ನಾನು ಕಿನ್ನಾಳದಿಂದ ತಂದು ಕೊಟ್ಟಿದ್ದ ಬಣ್ಣದ ಮರದ ಗಿಳಿಯೂ ಅಲ್ಲೇ ಇತ್ತು. ಅಂದಿನಿಂದ ಹುಂಜಕ್ಕೆ ದಿನಾ ಒಂದು ಚಿಟಿಕೆ ಹಿಂಡಿ. ಇದು ಔಷಧವಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವುದು ಎಂದು ನಾನು ಎಷ್ಟು ಹೇಳಿದರೂ ಆತ ಕೇಳಲಿಲ್ಲ.

“ನಿಮ್ಮ ದೇಶದವರು ಗುಟ್ಟು ಬಿಟ್ಟುಕೊಡಂಗಿಲ್ಲ. ನಂಗ ಗೊತ್ತೈತಿ,” ಎಂದು ಕಣ್ಣು ಮಿಟುಕಿಸಿದ.

ಸುಬ್ಬಾರಾವನಿಗೆ ನಗು ತಡೆಯಲಾಗಲಿಲ್ಲ. “ಏ ಬಸಣ್ಣ, ನಿಮ್ಮವ್ವನ ಹಿಂಡಿ ಪಂದೆಂ ಗೆಲ್ಲತೈತಿ ನೋಡು.”

ನನಗೂ ನಗು ಬಂತು. ಆಗ ಬಂತು.

ಭಾನುವಾರ

ಚರ್ಚಿನ ಪ್ರಾರ್ಥನೆ ಮುಗಿಸಿದ ಊರು ಹಾಗೇ ಕೋಳಿ ಕಣದ ಕಡೆ ನಡೆಯಿತು. ಹೊಸ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕಂಕುಳಲ್ಲಿ ಹುಂಜ. ಸಿದ್ದಾಪುರದ ಕ್ಯಾಂಪುಗಳಲ್ಲೂ ಸಂಕ್ರಾಂತಿಗೆ ಕೋಳಿ ಕಾದಾಟ ನಡೆಯುತ್ತದೆ. ಸುಬ್ಬಾರಾವ್ ಬಲ್ಲ. ಅದು ಪೊಲೀಸರ ಕಣ್ಣು ತಪ್ಪಿಸಿ ಬಾಳೆ ತೋಟದ ಹಿಂದೆ, ಕೊನೆಗೆ ಬಡಿಗೆಗಳು ಮೇಲೇಳುವ ತನಕ. ಇಲ್ಲಿ ಹಾಗಲ್ಲ, ತಗಡಿನ ಮಾಡು, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ನಡುವೆ ಮಣ್ಣಿನ ಕಣ. ಬಾಗಿಲಲ್ಲಿ ರೋಸವ್ವ ಅಂಟಕ್ಕಿಯ ಸಿಹಿ ಕಡುಬನ್ನು ಬಾಳೆಲೆಯಲ್ಲಿ ಸುತ್ತಿ ಮಾರಲು ಕೂತಿದ್ದಳು. ಭಾನುವಾರ ಆಕೆಯ ಕೆಲಸ ಅದು.

ನಮ್ಮ ಮನೆಯಲ್ಲಿ ಕೋಳಿ ಕೂಗುವುದನ್ನು ಕೇಳುತ್ತೇವೆ, ಅಷ್ಟೇ ಸಂಬಂಧ. ಹುಂಜದ ಕಾಲಿಗೆ ಸಣ್ಣ ಚೂರಿ ಕಟ್ಟುವುದು ಕಂಡು ನಾನು ಮುಖ ತಿರುಗಿಸಿದೆ. ಹಾಗಾಗಿ ಆ ದಿನ ನಾನು ಹುಂಜಗಳಿಗಿಂತ ಹೆಚ್ಚು ಮನುಷ್ಯರನ್ನು ನೋಡಿದೆ.

ಎರಡು ಹುಂಜಗಳನ್ನು ಎದುರುಬದುರು ಹಿಡಿಯುತ್ತಿದ್ದಂತೆ ಸುತ್ತಲಿನ ಜನವೆಲ್ಲ ಎದ್ದು ಕೈ ಎತ್ತಿತು. ಒಂದು ಕಡೆಯವರು “ಮೇರೋನ್! ಮೇರೋನ್!” ಎಂದು, ಇನ್ನೊಂದು ಕಡೆಯವರು “ವಾಲಾ! ವಾಲಾ!” ಎಂದು ಕೂಗಿದರು. ಗೆಲ್ಲುತ್ತದೆ ಎಂದು ಹೆಚ್ಚು ಜನ ನಂಬಿದ ಹುಂಜ ಮೇರೋನ್, ಎದುರಿನದು ವಾಲಾ. ಹಾಗೆಂದರೇನೆಂದು ಪಕ್ಕದವನನ್ನು ಕೇಳಿದೆ. ಅದು ಯಾವ ದೊಡ್ಡ ಶಬ್ದವೂ ಅಲ್ಲವಂತೆ. ಮೇರೋನ್ ಅಂದರೆ ‘ಇದೆ’. ವಾಲಾ ಅಂದರೆ ‘ಇಲ್ಲ’. ಅಂಗಡಿಯಲ್ಲಿ ಉಪ್ಪು ಇದೆಯೇ ಎಂದು ಕೇಳಿದರೂ ಇವೇ ಎರಡು ಮಾತು.

ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಐತಿ, ಐತಿ, ಐತಿ! ಇಲ್ಲ, ಇಲ್ಲ, ಇಲ್ಲ! ಒಂದು ಊರಿಗೆ ಊರೇ ಗಂಟಲು ಹರಿಯುವ ಹಾಗೆ ಹೀಗೆ ಕೂಗುವುದನ್ನು ನಾನು ಎಲ್ಲೂ ಕೇಳಿರಲಿಲ್ಲ.

ಅದಕ್ಕಿಂತ ದೊಡ್ಡ ಬೆರಗು ಆಮೇಲೆ. ಈ ಮೂಲೆಯವನು ಆ ಮೂಲೆಯವನ ಕಣ್ಣು ನೋಡಿ, ಬೆರಳು ತೋರಿಸಿ, ಹುಬ್ಬೆತ್ತುತ್ತಾನೆ. ಪಂಥ ಆಗಿಹೋಯಿತು. ಚೀಟಿ ಇಲ್ಲ, ಸಾಕ್ಷಿ ಇಲ್ಲ, ಮುಂಗಡ ಇಲ್ಲ. ಹೆಸರೂ ಗೊತ್ತಿರಲಾರದು. ಕಾದಾಟ ಮುಗಿದ ಕೂಡಲೇ ನೋಟುಗಳನ್ನು ಉಂಡೆ ಕಟ್ಟಿ ತಲೆಗಳ ಮೇಲಿಂದ ಎಸೆಯುತ್ತಾರೆ. ಒಂದು ಉಂಡೆ ಗುರಿ ತಪ್ಪಿ ನನ್ನ ತೊಡೆಯ ಮೇಲೆ ಬಿತ್ತು. ಹಿಂದಿನವನು ನನ್ನ ಬೆನ್ನು ತಟ್ಟಿದ, ಕೊಟ್ಟೆ. ಅವನು ತನ್ನ ಹಿಂದಿನವನಿಗೆ ಕೊಟ್ಟ. ಹಾಗೇ ಕೈಯಿಂದ ಕೈಗೆ ಏರಿ ಮೇಲಿನ ಸಾಲಿನ ಒಬ್ಬ ಮುದುಕನನ್ನು ಮುಟ್ಟಿತು. ಆತ ಬಿಚ್ಚಿಯೂ ನೋಡದೆ ಜೇಬಿಗೆ ಹಾಕಿಕೊಂಡ.

“ಸೋತಾವ ಎದ್ದು ಹ್ವಾದ್ರ ಯಾರ್ ಹಿಡೀತಾರ?” ಎಂದು ಸುಬ್ಬಾರಾವನ ಕಿವಿಯಲ್ಲಿ ಕೇಳಿದೆ.

“ಅದನ್ನ ಆಗಿಂದ ನೋಡಾಕ್ಹತ್ತೀನಿ. ಯಾರೂ ಹೋಗವಲ್ರು,” ಅಂದ ಅವನು. ಆಡಿಕೊಳ್ಳುವ ದನಿ ಅವನಲ್ಲೂ ಉಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಸ್ಕೊ ಕಾಕಾ ಕಣಕ್ಕಿಳಿದ. ಎದುರಿಗೆ ನದಿಯಾಚೆಯ ಬೆರ್ತೊ, ಕಾಕಾನ ವಯಸ್ಸಿನವನೇ, ಹುಡುಗರಾಗಿದ್ದಾಗಿನಿಂದ ಎದುರಾಳಿ. ಬೆರ್ತೊನ ಬಿಳಿ ಹುಂಜ ದೊಡ್ಡದು, ಮೇರೋನ್ ಆಯಿತು. ನಮ್ಮದು ವಾಲಾ. ಕಾಕಾ ಜೇಬಿನಲ್ಲಿದ್ದ ದುಡ್ಡನ್ನೆಲ್ಲ ಇಟ್ಟ. ಬೆರ್ತೊ ನಕ್ಕು ಕೇಳಿದ. “ಇಷ್ಟ ಏನು? ನಿನ್ನ ಹುಂಜದ ಮ್ಯಾಲ ನಿನಗ ನಂಬಿಕಿ ಇಷ್ಟ ಏನು?”

ಕಾಕಾ ತಿರುಗಿ ಮೆಟ್ಟಿಲ ಮೇಲೆ ಕೂತ ನನ್ನನ್ನು ನೋಡಿದ. ನೋಡಿ ನಕ್ಕ. ನಮ್ಮವ್ವನ ಹಿಂಡಿಯ ಮೇಲೆ ಅವನಿಗೆ ಅಷ್ಟು ಭರವಸೆ.

“ಪೋಗಿ,” ಅಂದ.

ಅದೊಂದೇ ಮಾತು. ಬೆರ್ತೊ ಹುಬ್ಬೆತ್ತಿದ. ನಾನು ಬಾಗಿಲ ಕಡೆ ನೋಡಿದೆ. ರೋಸವ್ವ ಎದ್ದು ನಿಂತಿದ್ದಳು, ಕೈಯಲ್ಲಿ ಅರ್ಧ ಸುತ್ತಿದ ಬಾಳೆಲೆ. ಚೀರಲಿಲ್ಲ, ಓಡಿ ಬರಲಿಲ್ಲ. ಬಾಳೆಲೆಯನ್ನು ಪೂರ್ತಿ ಸುತ್ತಿ ಬುಟ್ಟಿಯಲ್ಲಿಟ್ಟಳು.

ಕಾದಾಟ ಹೇಳುವಷ್ಟು ಹೊತ್ತು ನಡೆಯಲಿಲ್ಲ. ಕೆಂಪು ಹುಂಜ ಬೆಂಕಿಯಂತೆ ನುಗ್ಗಿತು, ಅದನ್ನು ಹೇಳಲೇಬೇಕು. ಬಿಳಿಯದು ಒಂದು ಹೆಜ್ಜೆ ಸರಿದು ಒಂದೇ ಒಂದು ಸಲ ಹಾರಿತು. ನಾನು ಮುಖ ಮುಚ್ಚಿಕೊಂಡೆ. ತೆಗೆದಾಗ ಕಾಕಾ ಮಣ್ಣಲ್ಲಿ ಮೊಣಕಾಲೂರಿ ಸತ್ತುಬಿದ್ದ ತನ್ನ ಹುಂಜವನ್ನು ಎತ್ತಿಕೊಳ್ಳುತ್ತಿದ್ದ.

ನದಿಯಾಚೆ

ಮನೆಗೆ ಬಂದ ರೋಸವ್ವ ಕಡುಬಿನ ಬುಟ್ಟಿ ಇಳಿಸಿ, ಪೋಗಿಯನ್ನು ಬಿಚ್ಚಿಕೊಂಡು ನದಿಗೆ ಹೋದಳು. ಎಂದಿನ ಹಾಗೆ ತೆಂಗಿನ ನಾರಿನಿಂದ ಮೈ ತಿಕ್ಕಿದಳು. ಕೊಂಬಿನ ಬುಡ, ಕಿವಿಯ ಹಿಂದೆ, ಬಾಲದ ತುದಿ, ಯಾವುದನ್ನೂ ಬಿಡಲಿಲ್ಲ. ನಾನು ದಂಡೆಯ ಮೇಲೆ ನಿಂತಿದ್ದೆ.

“ರೋಸವ್ವ,” ಅಂದೆ, “ಕಾಕಾ ಹುಮ್ಮಸ್ಸಿನ್ಯಾಗ ಅಂದಾನ್ರಿ. ಬರದಿಲ್ಲ, ಸಹಿ ಮಾಡಿಲ್ಲ. ನಗಿ-ಚಾಷ್ಟಿಗೆ ಅಂದಿದ್ದೆ ಅಂತ ಹೇಳಿದ್ರ ಮುಗೀತಲ್ರಿ. ನಮ್ಮೂರಾಗ ದಿನಾ ಹಿಂಗ ಅಂತಾರ.”

ಆಕೆ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ನಿಮ್ಮೂರಾಗ ಅಂದ ಮ್ಯಾಲ ಏನ್ ಮಾಡ್ತಾರ?”

“ಏನೂ ಮಾಡಂಗಿಲ್ರಿ. ಮನಿಗೆ ಹೋಗ್ತಾರ.”

“ಹಂಗಾದ್ರ ಅಂತಾರ ಯಾಕ?”

ಆಕೆ ಪೋಗಿಯ ಬೆನ್ನ ಮೇಲೆ ನೀರು ಸುರಿದಳು. “ನಾನೂ ಅತ್ತು ಜಗಳ ತೆಗೀಬಹುದು. ಬೆರ್ತೊ ಬ್ಯಾಡ ಅಂತ ಬಿಟ್ರೂ ಬಿಟ್ಟಾನ. ಆದ್ರ ಮುಂದಿನ ಭಾನುವಾರ ನನ್ನ ಗಂಡ ಕೈ ಎತ್ತಿದ್ರ ಅವನ ಕಣ್ಣು ಯಾರೂ ನೋಡಂಗಿಲ್ಲ. ಅವ ಅಲ್ಲಿ ಕುಂತಿದ್ದೂ ಇಲ್ಲದಂಗ ಆಗ್ತಾನ.” ಆಮೇಲೆ ತೆಂಗಿನ ನಾರನ್ನು ಹಿಂಡಿ ದಂಡೆಗೆ ಎಸೆದಳು. “ಗದ್ದಿ ಹ್ಯಾಂಗ ಮಾಡೂದು, ನಂಗೂ ಗೊತ್ತಿಲ್ಲ.”

ನಾನು ಅಲ್ಲಿ ನಿಂತು ಕಣ್ಣೀರು ಹಾಕಿದೆ. ಸಂಕೋಚ ಇಲ್ಲದೆ ಹೇಳುತ್ತೇನೆ, ಅಂಥ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಬೇಕಂತೆ. ಕಾಕಾ ಮುಂದೆ, ಪೋಗಿಯ ಹಗ್ಗ ಹಿಡಿದ ರೋಸವ್ವ ಹಿಂದೆ, ನಾನು ಮತ್ತು ಸುಬ್ಬಾರಾವ್ ಅವರ ಬೆನ್ನಿಗೆ. ಮೊಣಕಾಲುದ್ದ ನೀರಿದ್ದ ಕಡೆ ನದಿ ದಾಟಿದೆವು. ಪೋಗಿ ಇನ್ನೊಮ್ಮೆ ಮೈ ತೊಳೆಯುತ್ತಾರೆಂದು ತಿಳಿದು ನಡುನೀರಲ್ಲಿ ಮಲಗಿಬಿಟ್ಟಿತು. ರೋಸವ್ವ ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳಿ ಎಬ್ಬಿಸಿದಳು.

ಬೆರ್ತೊನ ಅಂಗಳದಲ್ಲಿ ಊರು ನೆರೆದಿತ್ತು. ಗೆದ್ದವನ ಮನೆಗೆ ಬಂದು ಒಬ್ಬೊಬ್ಬರೂ “ಬಲಾತೊ” ಎಂದು ಕೈ ಚಾಚುತ್ತಿದ್ದರು. ಆತ ನಗುತ್ತ ಒಬ್ಬನಿಗೆ ಚಿಲ್ಲರೆ, ಒಬ್ಬನಿಗೆ ಹೊಗೆಸೊಪ್ಪು, ಒಬ್ಬ ಮುದುಕಿಗೆ ಅಕ್ಕಿ ಕೊಡುತ್ತಿದ್ದ. ಇದೇನು ಭಿಕ್ಷೆಯೇ ಎಂದು ಸುಬ್ಬಾರಾವನನ್ನು ಕೇಳಿದೆ.

“ಅಲ್ಲ. ನಾನಿರೂ ಮನಿಯವರು ಹೇಳ್ಯಾರ. ಗೆದ್ದಾವ ಒಬ್ಬನ ತಿನ್ನಬಾರ್ದಂತ. ಕೇಳಿದವ್ರಿಗೆ ಗೆದ್ದಿದ್ರಾಗ ಪಾಲು ಕೊಡಬೇಕಂತ. ಇಲ್ಲಾ ಅನ್ನೂದು ಭಾಳ ಅಪಮಾನ.”

ನನ್ನ ಕಣ್ಣ ಮುಂದೆ ನಮ್ಮೂರ ಅಗಸಿ ಬಂದು ನಿಂತಿತು. ಪಂಚಮಿ, ನಿಂಬೆಹಣ್ಣು, ಕಲ್ಲಿನ ಮೇಲೆ ಒಡೆದ ಕಾಯಿ, ಸೋತವನ ಕೈಗೆ ಹೋಗುವ ಮೊದಲ ಹೋಳು. ಸಮುದ್ರ ದಾಟಿ ಬಂದು ಅದೇ ಕಾಯಿಯನ್ನು ನೋಡುತ್ತಿದ್ದೇನಲ್ಲ ಅನ್ನಿಸಿತು.

ರೋಸವ್ವ ಹಗ್ಗವನ್ನು ಬೆರ್ತೊನ ಕೈಗಿಟ್ಟಳು. ಆತ ಅದನ್ನು ತೆಗೆದುಕೊಂಡ. ಆಗ ನಾನು ಮುಂದೆ ಹೋಗಿ ಕೈ ಚಾಚಿದೆ.

“ಬಲಾತೊ,” ಅಂದೆ.

ಜನ ನಕ್ಕರು. ಪರದೇಶದವನೂ ಕಲಿತುಬಿಟ್ಟ ಎಂದು ಯಾರೋ ನನ್ನ ಭುಜ ತಟ್ಟಿದರು. ಬೆರ್ತೊ ಖುಷಿಯಾಗಿ ಜೇಬಿಗೆ ಕೈ ಹಾಕಿದ.

“ಅದು ಬ್ಯಾಡ್ರಿ,” ಅಂದೆ. “ಈ ಕ್ವಾಣ. ನಾಟಿ ಮುಗಿಯೂತನಕ ಕೊಡ್ರಿ, ಸಾಕು.”

ನಗು ನಿಂತಿತು. ಬೆರ್ತೊನ ಕೈ ಜೇಬಿನಲ್ಲೇ ಉಳಿಯಿತು. ಮಿತಿ ಮೀರಿದೆನೇನೋ, ಇಲಾಖೆಯ ಮರ್ಯಾದೆ, ದೇಶದ ಮರ್ಯಾದೆ ಎಲ್ಲ ಕಳೆದೆನೇನೋ ಎಂದು ಹೆದರಿದೆ. ಸುಬ್ಬಾರಾವ್ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಿದ್ದ. ಬೆರ್ತೊ ನನ್ನನ್ನು ನೋಡಿದ, ತಲೆ ತಗ್ಗಿಸಿ ನಿಂತ ಇಸ್ಕೊ ಕಾಕಾನನ್ನು ನೋಡಿದ, ಕೊನೆಗೆ ರೋಸವ್ವನನ್ನು ನೋಡಿದ. ಆಕೆ ಏನನ್ನೂ ಬೇಡಲಿಲ್ಲ, ಕಣ್ಣನ್ನೂ ತಗ್ಗಿಸಲಿಲ್ಲ.

“ಆಗಂಗಿಲ್ಲ,” ಅಂದ ಬೆರ್ತೊ.

ನನ್ನ ಕೈ ಕೆಳಗಿಳಿಯಿತು.

“ನಾಟಿ ಮುಗಿಯೂತನಕ ಕೊಟ್ಟು ವಾಪಸ್ ಇಸ್ಕೊಂಡ್ರ ಅದು ಬಾಡಿಗಿ ಆಗ್ತೈತಿ. ಬಲಾತೊ ಅಂದ್ರ ಕೊಟ್ಟಿದ್ದು ಕೊಟ್ಟಂಗ.” ಆತ ಹಗ್ಗವನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಚಿದ. “ತಗೋ. ಇದು ನಿಂದು.”

ಇಡೀ ಅಂಗಳ ಹೋ ಎಂದು ಕೂಗಿತು. ಒಂದು ಮಾತಿಗೆ ಒಬ್ಬ ಕೋಣವನ್ನು ತಂದು ಕೊಡುತ್ತಾನೆ, ಇನ್ನೊಂದು ಮಾತಿಗೆ ಇನ್ನೊಬ್ಬ ಬಿಟ್ಟುಕೊಡುತ್ತಾನೆ. ಇವರು ಎಂಥ ಜನ ಎಂದು ಕೈಮುಗಿಯಬೇಕೆನ್ನಿಸಿತು, ಹಗ್ಗ ಬಿಡದೆ ಹಾಗೇ ಮುಗಿದೆ.

ಯಲಬುರ್ಗಾದವನು ಕೋಣವನ್ನು ವಿಮಾನ ಹತ್ತಿಸುವುದು ಹೇಗೆ? ಅದನ್ನು ಯಾರಿಗೆ ಬಿಟ್ಟು ಹೋಗುವುದು ಎಂದು ಯೋಚಿಸುವ ಕೆಲಸವಿರಲಿಲ್ಲ. ಹಗ್ಗವನ್ನು ರೋಸವ್ವನ ಕೈಗೆ ಕೊಟ್ಟೆ.

“ಇದು ನಂದ್ರಿ,” ಅಂದೆ. “ನಾ ಒಯ್ಯೂತನಕ ನೀವ ಸಾಕ್ರಿ. ದುಡಿಸ್ಕೋರಿ.”

ಆಕೆ ಹಗ್ಗ ಹಿಡಿದು ಮೊದಲು ಪೋಗಿಯ ಹಣೆ ಸವರಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅದುವರೆಗೆ ಒಂದು ಬಿರುಸು ಮಾತಾಡದಿದ್ದವಳು ಅಂಗಳಕ್ಕೆಲ್ಲ ಕೇಳುವ ಹಾಗೆ ಅಂದಳು.

“ಕೇಳಿದ್ಯೇನು? ಇದು ಇನ್ನ ನಿಂದಲ್ಲ, ಬಸಣ್ಣಂದು. ಮಂದಿ ಕ್ವಾಣನ ಪಂಥಕ್ಕಿಡಾಕ ಬರಂಗಿಲ್ಲ.”

ಇಸ್ಕೊ ಕಾಕಾ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಟೋಪಿಯ ಹಿಂದೆ ಕಾಣಲಿಲ್ಲ. ಬೆರ್ತೊ ಹೋಗಿ ಅವನ ಹೆಗಲ ಮೇಲೆ ಕೈ ಹಾಕಿದ. ತಿರುಗಿ ನದಿ ದಾಟುವಾಗ ಪೋಗಿ ಮತ್ತೆ ನೀರಲ್ಲಿ ಮಲಗಿತು. ಈ ಸಲ ರೋಸವ್ವ ಎಬ್ಬಿಸಲಿಲ್ಲ, ಎಲ್ಲರೂ ಅದು ಏಳುವ ತನಕ ಕಾದೆವು.

ಮತ್ತೆ ಕೊಪ್ಪಳ

ನಾನು ಅಲ್ಲಿರುವಾಗಲೇ ಪೋಗಿ ಗದ್ದೆ ಕೆಸರು ಮಾಡಿತು. ನಾಟಿಗೆ ನಾನೂ ಇಳಿದೆ. ಹಿಂಡಿಯ ಡಬ್ಬಿ ಖಾಲಿಯಾಗಿತ್ತು, ಆದರೂ ಕಾಕಾ ಅದನ್ನು ಅಟ್ಟದಿಂದ ಇಳಿಸಲು ಬಿಡಲಿಲ್ಲ. ಮುಂದೆ ನಮ್ಮ ಇಲಾಖೆಯ ಇನ್ನೊಬ್ಬರು ಅದೇ ತರಬೇತಿಗೆ ಹೋಗಿ ಬಂದರು. ಆ ಹಳ್ಳಿಯನ್ನೂ ನೋಡಿದರಂತೆ. ಕಣದಲ್ಲಿ ಯಾರೋ ಇಸ್ಕೊ ಕಾಕಾನನ್ನು ಕೆಣಕಿ, ಪೋಗಿಯನ್ನು ಇಡುತ್ತೀಯಾ ಎಂದು ಕೇಳಿದ್ದಕ್ಕೆ ಆತ ಎದ್ದು ನಿಂತು, ಅದು ನನ್ನದಲ್ಲ, ಇಂಡಿಯಾದವನದು, ಬಂದಾಗ ಕೇಳು ಎಂದನಂತೆ. ಕೇಳಿ ನಾನು ಆಫೀಸಿನಲ್ಲೇ ಕಣ್ಣೊರೆಸಿಕೊಂಡೆ.

ಮೊನ್ನೆ ಅದೇ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದೆ. ಮಳೆಯ ಮೇಲೆ ಮಾತು ಬಂತು. ಈ ವಾರ ಬರುತ್ತದೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಒಬ್ಬ ಮೀಸೆ ಕಟ್ಟಿದ, ಒಬ್ಬ ಹೊಲವನ್ನೇ ಕಟ್ಟಿದ. ಆಮೇಲೆ ನನ್ನ ಕಡೆ ತಿರುಗಿದರು.

“ಸಾಹೇಬ್ರ, ನೀವೇನ್ ಕಟ್ತೀರಿ?”

“ನಂದೊಂದು ಕ್ವಾಣ ಐತಿ,” ಅಂದೆ. “ಅದನ್ನ ಮಾತ್ರ ಕಟ್ಟಂಗಿಲ್ಲ.”

“ನಿಮಗೆಲ್ಲಿ ಕ್ವಾಣರಿ? ನಿಮ್ಮನ್ಯಾಗ ಎಮ್ಮಿನೂ ಇಲ್ಲ.”

“ಸಮುದ್ರದಾಚಿ ಐತಿ. ರೋಸವ್ವನ ಗದ್ದ್ಯಾಗ.”

ಅಂಗಡಿಯವನು ಚಹಾ ಸೋಸುತ್ತಿದ್ದ ಕೈ ನಿಲ್ಲಿಸಿದ. ಎಲ್ಲರೂ ನಕ್ಕರು. ಮೀಸೆ ಕಟ್ಟಿದವನು ತೊಡೆ ತಟ್ಟಿಕೊಂಡು, “ಸುಳ್ಳ. ಇಲ್ಲ ಬಿಡ್ರಿ,” ಅಂದ.

“ಐತಿ,” ಅಂದೆ.

“ಇಲ್ಲ!”

“ಐತಿ.”

“ಹಂಗಾದ್ರ ಶರ್ತ?” ಎಂದು ಅವನು ಕೈ ಮುಂದೆ ಚಾಚಿದ.

ನನ್ನ ಕೈ ಏಳಲಿಲ್ಲ. ಅಂಗೈಯಲ್ಲಿ ಆ ಒದ್ದೆ ಹಗ್ಗ ಇನ್ನೂ ಇದ್ದಂತಿತ್ತು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಯಲಬುರ್ಗಾ ಬಸ್ಸಿಗೆ ಎದ್ದು ಹೊರಟೆ.